ಶಂಕ್ರೆವ್ವನಿಗೆ ನಿದ್ದೆ ಬಂದ ಬೆಳಿಗ್ಗೆ

ಗದಗ, ೧೨ ಡಿಸೆಂಬರ್ ೧೯೫೭

ಹಿರೇವಡ್ಡಟ್ಟಿಯ ಶಂಕ್ರೆವ್ವನಿಗೆ, ದವಾಖಾನೆಯಲ್ಲಿ ನಿನ್ನ ಜೊತೆ ನರ್ಸಾಗಿದ್ದ ಸಾವಕ್ಕ ಬರೆಯುವುದು.

ಕಳೆದ ವರ್ಷ ಕನ್ನಡ ನಾಡು ಒಂದಾದ ದಿನಕ್ಕೆ ನಿನಗೆ ಸತತ ಒಂಬತ್ತನೆಯ ರಾತ್ರಿಪಾಳಿ. ನಮಗೆ ಊಟ ಹಾಕುತ್ತಿದ್ದುದು ನಡುಮಧ್ಯಾಹ್ನ. ರಾತ್ರಿಪಾಳಿಯವರು ಉಂಡರೆ ನಿದ್ದೆಯಿಲ್ಲ, ಮಲಗಿದರೆ ಊಟವಿಲ್ಲ. ನೀನು ತಂಗಳು ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದು ದಿನ ದೂಡುತ್ತಿದ್ದೆ. ಅಂದು ನಮ್ಮ ತಗಡಿನ ಕೋಣೆಯ ಮುಂದೆಯೇ ಮೆರವಣಿಗೆ, ಹಲಗೆಯ ಸದ್ದು. "ನಾಡು ಒಂದಾತು, ನನ್ನ ರೆಪ್ಪಿ ಒಂದಾಗವಲ್ವು," ಎಂದೆ ನೀನು. ನಾನು ನಕ್ಕು ಮೆರವಣಿಗೆಗೆ ಹೋದೆ. ಹೋಳಿಗೆ ಉಂಡು ಬಂದು ಮಲಗಿದೆ.

ಮರುದಿನ ಬೆಳಿಗ್ಗೆ ಏಳಕ್ಕೆ ನಿನ್ನನ್ನು ಪಾಳಿಯಿಂದ ಬಿಡಿಸಬೇಕಾದವಳು ನಾನು. ಗಂಟೆ ಕೇಳಿಸಿತ್ತು. ಮಗ್ಗುಲು ಬದಲಿಸಿದೆ. ಎದ್ದಾಗ ಹತ್ತೂವರೆ. ಅಷ್ಟರಲ್ಲಿ ನೀನು ಸೊರಟೂರಿನ ಅಮೃತವ್ವನ ಮಂಚದ ಅಂಚಿಗೆ ತಲೆಯಿಟ್ಟು ನಿದ್ದೆಹೋಗಿದ್ದೆ. ಹೊಟ್ಟೆಯ ಆಪರೇಷನ್ ಆಗಿದ್ದ ಮುದುಕಿ ನೀರಿಗೆಂದು ತಾನೇ ಇಳಿದು ಬಿದ್ದಳು, ಹೊಲಿಗೆ ಬಿಚ್ಚಿತು. "ಪಾಪ, ಹುಡುಗಿ ಮಲಗಿತ್ತು, ಎಬ್ಬಸಾಕ ಮನಸಾಗಲಿಲ್ಲ," ಎಂದಳು. ಸಂಜೆಗೆ ತೀರಿಕೊಂಡಳು.

ದೊಡ್ಡ ಸಿಸ್ಟರ್ ವಿಚಾರಣೆ ಮಾಡಿದಾಗ ನಾನು ಹೇಳಿದ ಮಾತು ಇದು: "ನಾ ಏಳಕ್ಕ ಬಂದಿದ್ದೆರಿ. ನಾನ ಇರ್ತೀನಿ, ನೀ ಹೋಗು ಅಂತ ಈಕಿನ ನನ್ನ ಕಳಿಸಿದ್ಲು."

ನೀನು ನನ್ನನ್ನೇ ನೋಡಿದೆ. "ಹೂಂನ್ರಿ," ಎಂದೆ. ಕೆಲಸ ಕಳೆದುಕೊಂಡು ಮರುದಿನ ಟ್ರಂಕು ಹೊತ್ತು ಊರಿಗೆ ಹೋದೆ. ಯಾಕೆ ಹೂಂ ಅಂದೆ? ಬೈದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ನಿನ್ನ ಆ ಒಂದು ಮಾತಿಗೆ ವರ್ಷವಿಡೀ ನಿನ್ನ ಮೇಲೆಯೇ ಸಿಟ್ಟಾಗಿದ್ದೆ, ಗೊತ್ತೇ?

ಈಗ ಪಾಳಿ ಹಂಚುವವಳು ನಾನು. ಆಳು ಸಾಲದೆಂದು ಒಂಬತ್ತು ರಾತ್ರಿ ಹಾಕುವವಳೂ ನಾನೇ. ಹೋದ ವಾರ ಕಳಕವ್ವ ಎಂಬ ಹೊಸ ಹುಡುಗಿ ರಾತ್ರಿಪಾಳಿ ಮುಗಿಸಿ ನಿಂತಲ್ಲೇ ಕುಸಿದಳು. ಅವಳ ಬಾಯಿಗೆ ನಾನೇ ಗಂಜಿ ಹಾಕಿದೆ. ನನ್ನ ಸುಳ್ಳು ಸಹಿತ ಎಲ್ಲವನ್ನೂ ಡಾಕ್ಟರಿಗೆ ಅಂದೇ ಬರೆದುಕೊಟ್ಟೆ. "ಹಳೀ ಮಾತು, ಬಿಡ್ರಿ," ಎಂದು ಕಾಗದವನ್ನು ಪಕ್ಕಕ್ಕೆ ಸರಿಸಿದರು.

ಸೊರಟೂರಿಗೆ ಹೋಗಿ ಅಮೃತವ್ವನ ಮಗ ಅಂದಾನಪ್ಪನಿಗೆ ಹೇಳಿದೆ. "ಒಂದ ವರ್ಷ ಆ ಹೆಣ್ಮಗಳಿಗೆ ಶಾಪಾ ಹಾಕೇವಲ್ಲ," ಎಂದ. ಸೋಮವಾರ ನಿನ್ನ ಕ್ಷಮೆ ಕೇಳಲು ಬರುತ್ತಾನೆ. ನಾನೂ ಬರುತ್ತೇನೆ ಎಂದೆ. "ನೀವು ಬ್ಯಾಡ್ರಿ," ಎಂದ.

ಅವನಿಗೆ ಬಾಗಿಲು ತೆರೆ. ನಿನ್ನ ಮನೆತನಕ್ಕೆ ಒಳ್ಳೆಯದಾಗಲಿ. ನನ್ನ ಬಾಯಿಂದ ಬಂದ ಹರಕೆ ಎಂದು ದೂಡಬೇಡ.

ನಿನ್ನ ಮೇಲೆ ಸುಳ್ಳು ಹೊರಿಸಿದ,
ಸಾವಕ್ಕ