ಸ್ಟೀರಿಂಗ್ ಬಾಕ್ಸಿಗೆ ಗ್ರೀಸ್

ಶನಿವಾರ, ಡಿಸೆಂಬರ್ ೧೪

ಅಪ್ಪನ ಹಳೇ ಕಾರಿನ ಸ್ಟೀರಿಂಗ್ ಬಾಕ್ಸಿನಿಂದ ಆಯಿಲ್ ಸೋರುತ್ತಿತ್ತು. ಹಾಸ್ಟೆಲ್‌ನಿಂದ ರಜೆಗೆ ಬಂದ ನಾನು ಗೇರ್ ಆಯಿಲ್ ಬದಲು ಗ್ರೀಸ್ ತುಂಬಿಬಿಟ್ಟೆ. ಸೋರುವುದು ನಿಂತಿತು. ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ, "ಇನ್ನು ಮೆಕ್ಯಾನಿಕ್ ಅಂಗಡಿ ಮುಚ್ಚಬೇಕು ಕಣೇ, ನಿನ್ನ ಮಗ ಇಂಜಿನಿಯರ್ ಆಗ್ಬಿಟ್ಟ" ಎಂದರು. ಅವರು ಹಿಂದೆಂದಾದರೂ ನನ್ನನ್ನು ಹೊಗಳಿದ್ದು ನೆನಪೇ ಇಲ್ಲ.

ರೂಮ್‌ಮೇಟ್‌ಗೆ ಫೋನ್ ಮಾಡಿ ಕೊಚ್ಚಿಕೊಂಡೆ. "ಲೋ ಮಂಗ, ಗ್ರೀಸ್ ಆಯಿಲ್ ಥರ ಹರಿಯಲ್ಲ ಕಣೋ. ಒಳಗಿನ ಗೇರ್ ಹಲ್ಲು ಅದನ್ನ ಪಕ್ಕಕ್ಕೆ ತಳ್ಳಿ ಒಣದಾಗೇ ತಿರುಗುತ್ತೆ. ಸ್ಟೀರಿಂಗ್ ಜಾಮ್ ಆದ್ರೆ?" ಎಂದ.

ನಾಳೆ ಅಪ್ಪ, ಅಮ್ಮ ಅದೇ ಕಾರಿನಲ್ಲಿ ಬೆಟ್ಟ ಇಳಿಯುತ್ತಾರೆ. ಹೇಳೋಣವೆಂದು ಅವರ ಬಾಗಿಲವರೆಗೆ ಹೋದೆ. ಕೈ ಎತ್ತಿದೆ, ತಟ್ಟಲಾಗಲಿಲ್ಲ.

ಕಾರಿನ ಕೀ ತಂದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಅಪ್ಪ ಹುಡುಕುತ್ತಾರೆ, ಆಗ ಹೇಳಲೇಬೇಕು. ಅಲ್ಲಿಯವರೆಗೆ ಮಗ ಇಂಜಿನಿಯರ್.