ಮೇಡಂ ಕೂತ ಕುರ್ಚಿ

ಮಾರ್ಚ್ 4, ಬೆಳಿಗ್ಗೆ

ಲಾಂಡ್ರಿ ಕೆಲಸಕ್ಕೆ ಇವತ್ತು ರಜೆ ಹಾಕಿದ್ದೇನೆ. ಹತ್ತಕ್ಕೆ ಸಹಾಯಧನದ ಆಫೀಸಿನ ಮೇಡಂ ಮನೆ ನೋಡಲು ಬರುತ್ತಾರೆ. ವರ್ಷಕ್ಕೊಂದು ಸಲ. ಮಕ್ಕಳ ಅಪ್ಪ ಬಿಟ್ಟುಹೋದಾಗಿನಿಂದ ಬಾಡಿಗೆ ನಡೆಯುವುದು ಆ ಹಣದಲ್ಲಿ. ನನ್ನ ಅರ್ಧ ದಿನದ ಕೂಲಿ ಹೊಟ್ಟೆಗೆ. ಹೋದ ಸಲ ಪಾಪ, ನಿಂತೇ ಬರೆದುಕೊಂಡರು. ನಾಚಿಕೆಯಾಗಿತ್ತು. ಅದಕ್ಕೇ ಪಕ್ಕದ ಮನೆಯ ಟೈಲರಕ್ಕನಿಂದ ಎರಡು ಹೊಸ ಕುರ್ಚಿ ಎರವಲು ತಂದಿಟ್ಟೆ.

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಕಣೇ ನಿಂಗೆ,” ಅಂದಳು ಟೈಲರಕ್ಕ. ಅನ್ನಲಿ. ಮನೆಗೆ ಬಂದವರನ್ನು ನಿಲ್ಲಿಸೋದಾ?

ಅದೇ ದಿನ, ಮಧ್ಯಾಹ್ನ

ಬಂದರು, ಕೂತರು. ಫೈಲ್ ಎಷ್ಟು ದಪ್ಪ! ನಮ್ಮ ಮೂವರ ಬಗ್ಗೆ ಅಷ್ಟೊಂದು ಬರೆಯುವುದಕ್ಕೆ ಏನಿದೆ? ಟೀ ಕೊಡುವ ನೆಪದಲ್ಲಿ ಬಗ್ಗಿದೆ — ತಲೆಕೆಳಗಾಗಿ ಒಂದೇ ಪದ ಸಿಕ್ಕಿತು: ‘ಗೋಡೆ’. ಗೋಡೆಗೇನಾಗಿದೆ? ಚಿಕ್ಕವಳ ಮೂಗು ಒರೆಸಲು ಒಳಗೆ ಹೋದಾಗ ದೊಡ್ಡವಳನ್ನು ಏನೋ ಕೇಳುತ್ತಿದ್ದರು. ಏನು ಕೇಳಿದರೇ ಅಂತ ಆಮೇಲೆ ಅವಳನ್ನು ಕೇಳಿದರೆ, “ಏನಿಲ್ಲಮ್ಮಾ.” ಹತ್ತು ವರ್ಷದ ಹುಡುಗಿಗೆ ಗುಟ್ಟು ಬೇರೆ.

ಮಾರ್ಚ್ 21

ಕಾಗದ ಬಂತು. ಮನೆಯ ಸ್ಥಿತಿ ಸುಧಾರಿಸಿದೆಯಂತೆ, ಸಹಾಯಧನ ನಿಲ್ಲಿಸಿದ್ದಾರಂತೆ. ಸುಧಾರಿಸಿದ್ದು ನನಗೇ ಗೊತ್ತಿಲ್ಲವಲ್ಲ! ನಗು ಬಂತು. ಆಮೇಲೆ ಕೂತು ಬಾಡಿಗೆಯ ಲೆಕ್ಕ ಹಾಕಿದೆ. ಬಾಡಿಗೆ ಕಟ್ಟದಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ?

ಮಾರ್ಚ್ 24

ಆಫೀಸಿಗೆ ಹೋದೆ. ಗುಮಾಸ್ತ ಅಂದ, “ನಿಮ್ಮ ಫೈಲ್ ನೀವೇ ನೋಡ್ಬಹುದಲ್ಲ, ಒಂದು ಅರ್ಜಿ ಕೊಡಿ.” ನೋಡಬಹುದಂತೆ! ನಾಲ್ಕು ವರ್ಷ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಬಂದ ಕೆಲಸ ಮರೆತು ಕಾದಂಬರಿ ಓದುವ ಹಾಗೆ ಓದಿದೆ. ‘ತಾಯಿ ವಿಪರೀತ ಮಾತಾಡುತ್ತಾರೆ.’ ಸುಳ್ಳೇನಲ್ಲ. ‘ಗೋಡೆ ಒದ್ದೆ, ಚಿಕ್ಕ ಮಗುವಿಗೆ ಕೆಮ್ಮು.’ ಪರವಾಗಿಲ್ಲ, ಕಣ್ಣಿದೆ ಮೇಡಂಗೆ. ಕೊನೆಯ ಪುಟ... ‘ಹೊಸ ಕುರ್ಚಿ ಎರಡು. ಯಾರದೆಂದು ಕೇಳಿದೆ. ಹಿರಿಯ ಮಗಳು: ನಮ್ಮವೇ. ನಮ್ಮಮ್ಮ ದುಡಿದು ತಂದಿದ್ದು.’

ಅಲ್ಲೇ ಬೆಂಚಿನ ಮೇಲೆ ಅತ್ತುಬಿಟ್ಟೆ. ಬೈಯಲೋ, ಮುದ್ದಿಸಲೋ?

ಮಾರ್ಚ್ 29, ಸಂಜೆ

ಮೇಡಂ ಮತ್ತೆ ಬಂದರು. ನೆಲದ ಮೇಲೆ ಕೂತರು. ಕುರ್ಚಿ ಎರವಲು ಅಂತ ನಾನು ಅವತ್ತೇ ಆಫೀಸಿನಲ್ಲಿ ಬರೆದುಕೊಟ್ಟಿದ್ದೆ; ಅದು ಸಾಲದು, ಮಗುವೇ ಹೇಳಬೇಕು ಅಂದಿದ್ದರು. ಫೈಲಿನಲ್ಲಿ ಓದಿದ್ದನ್ನು ಅವಳಿಗೆ ತಿಳಿಸಿ, ನಿಜ ಹೇಳು ಅಂತ ನಿನ್ನೆಯೇ ಒಪ್ಪಿಸಿದ್ದೆ.

“ಹೇಳು ಪುಟ್ಟಿ, ಯಾರ ಕುರ್ಚಿ?” ಅಂದರು ಮೇಡಂ.

ನನ್ನ ಮುಖ ನೋಡಲಿಲ್ಲ ಅವಳು. “ಟೈಲರ್ ಆಂಟಿದು. ನಾನು ಸುಳ್ಳು ಹೇಳ್ದೆ.”

ಮೇಡಂ ಬರೆದುಕೊಂಡರು. ಹಣ ಮತ್ತೆ ಬರುತ್ತದೆ. ಹೋದ ಜೀವ ಬಂದ ಹಾಗಾಯಿತು.

ಮೇಡಂ ಹೋದರು. ಈಗ ದೊಡ್ಡವಳು ಪಕ್ಕದಲ್ಲಿ ಬಂದು ಕೂತಿದ್ದಾಳೆ.

“ಅಮ್ಮಾ, ನೀನು ದುಡೀತೀಯ ಅಂತ ಬರ್ದಿದ್ರಲ್ಲ... ಅದನ್ನೂ ಹೊಡೆದು ಹಾಕ್ತಾರಾ?”

ಗೊತ್ತಿಲ್ಲ ಕಂದಾ, ಅಂದೆ. ನಾಳೆ ಹೋಗಿ ನಾನೇ ಕೇಳುತ್ತೇನೆ, ಅದೊಂದು ಸಾಲು ಹಾಗೇ ಇರಲಿ ಅಂತ.