ಬಟ್ಟಲಿನಲ್ಲಿ ವಾಸಿಯಾದ ಕರುಳು

ಓಮಾಹಾ,
ಮಾರ್ಚ್ ೯

ಮಾನ್ಯ ಡಾಕ್ಟರ್ ಪ್ರೆಂಟಿಸ್ ಅವರೇ,

ದನದ ಹರಾಜಿನ ಕಟ್ಟೆ ಹತ್ತಿ ಕೂಗಿದರೆ ಮುನ್ನೂರು ಜನರ ಬಾಯಿ ಮುಚ್ಚಿಸುವ ಗಂಟಲು ನನ್ನದು. ಮೊನ್ನೆ ನಿಮ್ಮ ಪ್ರಯೋಗಾಲಯದಲ್ಲಿ ಒಂದೇ ಮಾತಿಗೆ ಅದು ಕೈಕೊಟ್ಟಿತು. ಆದ್ದರಿಂದ ಈ ಕಾಗದ.

ನನ್ನ ಮಗಳು ಅಡೆಲಾಳ ಕರುಳಿನ ಚೂರಿನಿಂದ ನೀವು ಗಾಜಿನ ಬಟ್ಟಲಲ್ಲಿ ಬೆಳೆಸಿದ ಪುಟ್ಟ ಕರುಳನ್ನು ತೋರಿಸಿದಿರಿ. ಸೂಜಿಯಲ್ಲಿ ಗೀರಿದ ಗಾಯ ಎರಡೇ ದಿನದಲ್ಲಿ ಮುಚ್ಚಿತ್ತು, ಊಡಿಸಿದ್ದನ್ನೆಲ್ಲ ಹೀರಿಕೊಂಡಿತ್ತು. ಅದೇ ಕರುಳು ಅವಳ ಹೊಟ್ಟೆಯಲ್ಲಿ ಹುಣ್ಣಾಗಿ, ಎಂಟು ತಿಂಗಳಿಂದ ಒಂದು ಚಮಚ ಸೂಪನ್ನೂ ಹೀರದೆ ಬಿದ್ದಿದೆ. ರಕ್ತನಾಳಕ್ಕೆ ಹನಿಸುವ ಚೀಲದ ಆಹಾರವೇ ಅವಳ ಜೀವ. ಅದರಿಂದ ಈಗ ಪಿತ್ತಜನಕಾಂಗ ಸೋಲುತ್ತಿದೆ.

"ಹಾಗಾದ್ರೆ ಇದನ್ನೇ ತೆಗ್ದು ಅವಳಿಗೆ ಹಾಕಿ" ಅಂದೆ.

"ಅದಕ್ಕೆ ಇನ್ನೂ ಹತ್ತು ವರ್ಷ ಬೇಕು, ವಾವ್ರಾ ಅವ್ರೆ" ಅಂದಿರಿ. ಸುಳ್ಳು ಹೇಳಲಿಲ್ಲ, ಅದಕ್ಕೆ ಋಣಿ.

ಮನೆಗೆ ಬಂದು ಹೇಳಿದಾಗ ಅಡೆಲಾ ನಕ್ಕಳು. "ನನ್ ಪಾಲಿನ ಜಾಮ್ ಬನ್ನೂ ಅದಕ್ಕೇ ಹಾಕ್ಲಿ ಬಿಡಪ್ಪ. ಹೊಟ್ಟೆಬಾಕ ಅದು."

ನಿಮ್ಮ ಒಪ್ಪಿಗೆಪತ್ರ ಜೊತೆಗಿದೆ. ಎಲ್ಲ ಕಡೆ ಸಹಿ ಹಾಕಿದ್ದೇನೆ. 'ಮಗು ತೀರಿಕೊಂಡರೆ ಬಟ್ಟಲಿನ ಕರುಳನ್ನು ಇಟ್ಟುಕೊಳ್ಳಬಹುದೇ?' ಎಂಬ ಆರನೆಯ ಪ್ರಶ್ನೆಯನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಒಂದು ಸಲ, ಎರಡು ಸಲ ಎಂದು ಕೂಗಿದ ಮೇಲೆ, ಸುತ್ತಿಗೆ ಬಡಿಯುವ ಮುನ್ನ ಹರಾಜುಗಾರ ಒಂದು ಗಳಿಗೆ ತಡೆಯುತ್ತಾನೆ, ಯಾರಾದರೂ ಕೈ ಎತ್ತಿಯಾರು ಎಂದು. ನನಗೂ ಅಷ್ಟು ಹೊತ್ತು ಕೊಡಿ.

ಬಟ್ಟಲಿನ ಆ ಕರುಳಿಗೆ ಸೋಮವಾರ, ಬುಧವಾರ, ಶುಕ್ರವಾರ ಊಟವಂತೆ. ದಯವಿಟ್ಟು ಒಂದು ಹೊತ್ತೂ ತಪ್ಪಿಸಬೇಡಿ.

ನಿಮ್ಮ ವಿಧೇಯ,
ಲೆನರ್ಡ್ ವಾವ್ರಾ